ಡ್ಯಾಶ್‌ಬೋರ್ಡಿಗೆ ಅಮಾವಾಸ್ಯೆ ರಜೆ

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ನಿನ್ನೆ ಇದ್ದಲ್ಲಿ ಇಂದು ಇಲ್ಲವೆಂದರೆ ಮುಖ ಗಂಟಿಕ್ಕುವವರು ಲೋಕದಲ್ಲಿ ಬಹಳ ಮಂದಿ. ಆ ಡಬ್ಬಿಯನ್ನು ಎತ್ತಿ ಬೇರೆ ಕಡೆ ಇಡುವ ಕೆಲಸವನ್ನೂ ಯಾರಾದರೂ ಮಾಡಲೇಬೇಕಲ್ಲ. ನಮ್ಮ ಮನೆಯಲ್ಲಿ ಅದು ನಾನು. ಒಂದು ವಸ್ತು ಒಂದೇ ಜಾಗದಲ್ಲಿ ಬಹಳ ದಿನ ಕೂತಿತೆಂದರೆ ನನಗೆ ಅದರ ಮೇಲೆ ಕನಿಕರ ಹುಟ್ಟುತ್ತದೆ. ಮಂಚವನ್ನು ಕಿಟಕಿಯ ಕಡೆ ತಿರುಗಿಸಿದ್ದೇನೆ, ಗೋಡೆಯ ಕಡೆ ತಿರುಗಿಸಿದ್ದೇನೆ, ಒಮ್ಮೆ ಕೋಣೆಯ ನಟ್ಟನಡುವೆ ನಿಲ್ಲಿಸಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಮ್ಮವರು ಸಂಜೆ ಬಂದು ಮೊಣಕಾಲು ಬಡಿಸಿಕೊಂಡು ಕುಂಟುವಂತೆಯೂ ಮಾಡಿದ್ದೇನೆ. ಇದಕ್ಕೆಲ್ಲ ನನ್ನ ತವರೂರೇ ಕಾರಣವೆಂದು ನನ್ನ ಗುಮಾನಿ. ನಾನು ಹುಟ್ಟಿದ್ದು ಬಾದಾಮಿಯಲ್ಲಿ. ಅಲ್ಲಿ ಸಾವಿರ ವರ್ಷಕ್ಕೂ ಹಿಂದೆ ಬಂಡೆಯಲ್ಲಿ ಕೊರೆದಿಟ್ಟ ಕಂಬ ಇವತ್ತೂ ಅಲ್ಲೇ ಇದೆ, ದೇವರು ಅಲ್ಲೇ, ಮೆಟ್ಟಿಲು ಅಲ್ಲೇ. ಊರಿನಲ್ಲಿ ಜಾಗ ಬದಲಿಸುವ ಉತ್ಸಾಹ ಇರುವುದು ಮಂಗಗಳಿಗೆ ಮಾತ್ರ. ನಾನು ಚಿಕ್ಕಂದಿನಲ್ಲೇ ಮಂಗಗಳ ಪಕ್ಷ ಸೇರಿದೆ.

ಮದುವೆಯಾಗಿ ಬಂದದ್ದು ಬಾಗಲಕೋಟೆಗೆ. ಬಂದ ಕೆಲವು ವರ್ಷಕ್ಕೆ ಅಣೆಕಟ್ಟಿನ ಹಿನ್ನೀರು ಊರೊಳಗೆ ಬಂತು. ನಮ್ಮ ಓಣಿಗೆ ಓಣಿಯೇ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಬಂತು. ಆಗ ನಾನೂ ಕಣ್ಣೀರು ಹಾಕಿದೆನೆಂದು ಬರೆಯುವುದು ಮರ್ಯಾದೆ. ಆದರೆ ನಮ್ಮವರು ಹೇಳುವಂತೆ ನಾನು ಲಾರಿಯ ಮುಂದಿನ ಸೀಟಿನಲ್ಲಿ ಕೂತು, ಹೊಸ ಮನೆಯಲ್ಲಿ ಕಪಾಟು ಎಲ್ಲಿಡಬೇಕೆಂದು ಡ್ರೈವರನಿಗೆ ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಿದ್ದೆನಂತೆ. ನನಗೆ ಲಾರಿ ನೆನಪಿಲ್ಲ, ಟ್ರ್ಯಾಕ್ಟರ್ ನೆನಪಿದೆ. ನೆನಪನ್ನು ನಾನು ನಂಬುವುದಿಲ್ಲ. ಅದೂ ನನ್ನಂತೆಯೇ, ಯಾರೂ ಇಲ್ಲದಾಗ ಸಾಮಾನು ಸರಿಸುತ್ತಿರುತ್ತದೆ. ಹೊಸ ಊರಿನಲ್ಲಿ ಓಣಿಗಳ ಬದಲು ಸೆಕ್ಟರುಗಳು, ಸೆಕ್ಟರಿನ ತುಂಬ ಒಂದೇ ಅಚ್ಚಿನ ಮನೆಗಳು. ಒಮ್ಮೆ ನಮ್ಮ ಅತ್ತೆಯವರು ಗುಡಿಗೆ ಹೋಗಿ ಬರುವಾಗ ಯಾರದೋ ಮನೆ ಹೊಕ್ಕು, ಅಲ್ಲಿಯವರು ಕೊಟ್ಟ ಚಹಾ ಕುಡಿದು, ಒಂದು ನಿದ್ದೆ ತೆಗೆದು ಬಂದರು. ನಾನು ಗಾಬರಿಯಿಂದ ಕೇಳಿದರೆ, "ಸೊಸಿ ಬ್ಯಾರೆ ಕಂಡ್ಳು. ಬದಲಿ ಮಾಡ್ಯಾರೇನೋ, ಛಲೋನ ಆತು ಅಂತ ಸುಮ್ನ ಕುಂತೆ" ಎಂದರು.

ಅತ್ತೆಯವರು ಇಳಕಲ್ಲಿನ ನೇಕಾರರ ಮನೆಯ ಮಗಳು. ಹಳೆಯ ಊರಿನ ಮನೆಯ ಪಡಸಾಲೆಯಲ್ಲಿ ಅವರ ಕುಣಿಮಗ್ಗವಿತ್ತು. ನವನಗರದ ಮನೆಯಲ್ಲಿ ಮಗ್ಗಕ್ಕೆ ಕುಣಿ ತೋಡುವ ಜಾಗವಿರಲಿಲ್ಲ. ಪಡಸಾಲೆಯ ಆ ಮೂಲೆಗೆ ಬಂದದ್ದು ನನ್ನ ಕಂಪ್ಯೂಟರು. ಅದರಲ್ಲಿ ನಾನು ಇಳಕಲ್ ಸೀರೆಯ ಬಗ್ಗೆ ಒಂದು ಪುಟ ನಡೆಸುತ್ತಿದ್ದೆ. ಕೆಂಪು ಸೆರಗಿನ ಬಣ್ಣ ಒಡಲಿಗೆ ಇಳಿಯದಂತೆ ಹೇಗೆ ಒಗೆಯಬೇಕು, ಹತ್ತಿಯದು ಯಾವುದು ರೇಷ್ಮೆಯದು ಯಾವುದು ಎಂದು ಹೇಗೆ ತಿಳಿಯಬೇಕು, ಇಂಥವೆಲ್ಲ. ದೂರದೂರಿನಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ಓದುತ್ತಿದ್ದರು. ಪುಟದ ಬದಿಗೆ ಸೀರೆ ಮಾರುವ ಅಂಗಡಿಗಳ ಲಿಂಕುಗಳಿದ್ದವು. ಓದಿದವರು ಅದನ್ನು ಒತ್ತಿ, ಆ ಅಂಗಡಿಗೆ ಹೋಗಿ ಏನಾದರೂ ಕೊಂಡರೆ ನನಗೆ ಸ್ವಲ್ಪ ಕಮಿಷನ್. ಯಾರು ಎಲ್ಲಿಂದ ಬಂದರು, ಏನು ಕೊಂಡರು ಎಂದು ಲೆಕ್ಕ ಇಡುವುದಕ್ಕೆ ನಡುವೆ ಒಂದು ಕಂಪನಿ. ಇದನ್ನು ಅತ್ತೆಯವರಿಗೆ ವಿವರಿಸಿದಾಗ ಅವರು ಅಡಿಕೆ ಕತ್ತರಿಸುತ್ತಲೇ ಇದ್ದರು.

"ಅಂದ್ರ ನೀ ದಲ್ಲಾಳಿ ಆದಿ ಅನ್ನು."

"ಅಲ್ರೀ ಅತ್ತಿ, ದಲ್ಲಾಳಿ ಆ ನಡುವಿನ ಕಂಪನಿ. ನಾ ಅವರ ಕೈಕೆಳಗ."

"ಹಂಗಾದ್ರ ಮರಿದಲ್ಲಾಳಿ. ಹೋಗ್ಲಿ, ಇದು ನಿನ್ನ ಮಗ್ಗ ಹೌದಿಲ್ಲೋ?"

ನನಗೆ ಎಷ್ಟು ಆನಂದವಾಯಿತೆಂದರೆ, "ಹೌದ್ರಿ, ಖರೆ ಹೌದು, ಇದು ನನ್ನ ಮಗ್ಗ!" ಎಂದು ಕೂಗಿಬಿಟ್ಟೆ. ಉತ್ಸಾಹದಲ್ಲಿ ಹೌದೆನ್ನುವವರು ಮುಂದಿನ ಮಾತಿಗೆ ಕಾಯುವುದಿಲ್ಲ. ಮುಂದಿನ ಮಾತು ಇದು: "ಹಂಗಾದ್ರ ಅಮಾಸಿಗೆ ಬಂದ್ ಇಡಬೇಕು." ಇಳಕಲ್ಲಿನ ಅವರ ತವರಿನಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಅವತ್ತು ಲಾಳಿ ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಕಾಯಿ ಒಡೆಯುವುದು ಅಷ್ಟೇ. ದುಡಿಯುವ ವಸ್ತುವಿಗೆ ತಿಂಗಳಿಗೊಮ್ಮೆ ಮೈಚಾಚುವ ಹಕ್ಕಿಲ್ಲವೇ? ನನಗಂತೂ ಇದು ಅತ್ಯಂತ ಆಧುನಿಕ ವಿಚಾರವೆಂದೇ ತೋರಿತು.

ಆಗ ಕಂಪನಿಯ ಡ್ಯಾಶ್‌ಬೋರ್ಡು, ಅಂದರೆ ನಾನು ದಿನಾ ತೆರೆದು ನೋಡುವ ಲೆಕ್ಕದ ಪರದೆ, ಬಹಳ ಸಪ್ಪೆಯಾಗಿತ್ತು. ಬಿಳಿ ಹಾಳೆಯ ಮೇಲೆ ಅಂಗಡಿಗಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಚೌಕ. ಚೌಕದೊಳಗಿನ ಗುರುತು ತೆಗೆದರೆ ನನ್ನ ಪುಟದಲ್ಲಿ ಆ ಲಿಂಕು ಮಲಗುತ್ತಿತ್ತು, ಮತ್ತೆ ಹಾಕಿದರೆ ಏಳುತ್ತಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಗುರುತುಗಳನ್ನು ತೆಗೆಯುವುದು, ಕಂಪ್ಯೂಟರಿಗೆ ವಿಭೂತಿ ಹಚ್ಚುವುದು, ಪಾಡ್ಯದ ದಿನ ಮತ್ತೆ ಗುರುತು ಹಾಕುವುದು. ಮಸ್ಕತ್ತಿನಿಂದ ಒಬ್ಬ ಹೆಣ್ಣುಮಗಳು, ನಿಮ್ಮ ಲಿಂಕುಗಳು ತಿಂಗಳಿಗೊಮ್ಮೆ ಯಾಕೆ ಸಾಯುತ್ತವೆ ಎಂದು ಕೇಳಿ ಬರೆದಳು. ಅಮಾವಾಸ್ಯೆ ಎಂದು ಉತ್ತರಿಸಿದೆ. "ಅಯ್ಯ, ಮರತೇ ಬಿಟ್ಟಿದ್ದೆರಿ, ನಾಳೆ ಬರ್ತೇನಿ" ಎಂದು ಮರಳಿ ಬರೆದಳು. ಇಂಥ ಗಿರಾಕಿಗಳು ಯಾವ ಕಂಪನಿಗೆ ಸಿಕ್ಕಾರು?

ಈಗ ಕಸ್ತೂರಿಯ ವಿಷಯ ಹೇಳಬೇಕು, ಏಕೆಂದರೆ ಈ ಎಲ್ಲ ಗದ್ದಲದಲ್ಲಿ ನಿಜವಾಗಿ ಕಳೆದುಕೊಳ್ಳುವುದು ಏನಾದರೂ ಇದ್ದದ್ದು ಅವಳಿಗೆ. ಕಸ್ತೂರಿ ನಮ್ಮವರ ತಂಗಿ. ಇಳಕಲ್ಲಿನಲ್ಲೇ ಕೊಟ್ಟಿದೆ, ಮಾಲೀಕರು ಕೊಟ್ಟ ನೂಲನ್ನು, ಮಾಲೀಕರು ಹೇಳಿದ ಬಣ್ಣದಲ್ಲಿ ನೇಯ್ದು ಕೊಡುವ ಮನೆ. ಅವಳಿಗೆ ಒಂದು ಸಲ ತನ್ನದೇ ಬಣ್ಣ ನೇಯುವ ಆಸೆ. ಮಳೆಗೆ ಮುಂಚಿನ ಮೋಡದಂಥ ಬೂದು ಒಡಲು, ಅದಕ್ಕೆ ಕಡುಗೆಂಪು ಸೆರಗು. ಈ ಆಸೆ ಅವಳಲ್ಲಿ ತಾನಾಗಿ ಹುಟ್ಟಿತೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವಳ ಪ್ರಕಾರ ಪಂಚಮಿಗೆ ಬಂದಾಗ ಉಂಡಿ ತಿನ್ನುತ್ತ ನಾನೇ ತಲೆಗೆ ಹುಳ ಬಿಟ್ಟದ್ದು. ಅದೇನೇ ಇರಲಿ, ನೇಯ್ದ ಸೀರೆಯನ್ನು ಮಾಲೀಕರಿಗೆ ತೋರಿಸಿದಳು. ಅವತ್ತೇ ಫೋನು ಬಂತು.

"ವೈನಿ, ನಕ್ಕುಬಿಟ್ರು ನೋಡ್ರಿ. ಬೂದಿ ಬಣ್ಣದ ಸೀರಿ ಉಟಗೊಂಡು ಯಾರ ಮದಿವಿಗೆ ಹೋಗ್ತಾರವಾ ಅಂದ್ರು. ನಮ್ಮ ಮಾವನೂ ಅವರ ಸಂಗಾಟ ನಕ್ರು."

ನಾನು ಬಿಡುತ್ತೇನೆಯೇ? ನನ್ನ ಪುಟದಲ್ಲಿದ್ದ ಪುಣೆಯ ಒಂದು ಆನ್‌ಲೈನ್ ಅಂಗಡಿಗೆ ಬರೆದು, ಫೋಟೋ ಕಳಿಸಿ, ಬೆನ್ನು ಹತ್ತಿದೆ. ಅವರು ಅದೇ ಬಣ್ಣದ ಕೆಲವು ಸೀರೆಗಳನ್ನು ನೇಯಿಸಿ ತರಿಸಿಕೊಂಡು, ದೀಪಾವಳಿಯವರೆಗೆ ಇಟ್ಟು ನೋಡುತ್ತೇವೆ ಎಂದರು. ಮಾರಾಟವಾಗಿ ಹೋದರೆ ಕಸ್ತೂರಿಯಿಂದ ನೇರವಾಗಿ ಇನ್ನಷ್ಟು ನೇಯಿಸಿಕೊಳ್ಳುವುದು. ಹೋಗದಿದ್ದರೆ ಎಲ್ಲ ವಾಪಸ್ಸು. ವಾಪಸ್ಸು ಬಂದರೆ ಅವಳು ಮತ್ತೆ ಮಾಲೀಕರ ಬಣ್ಣಕ್ಕೆ, ಮಾವನ ನಗೆಗೆ. ಬೂದು ಬಣ್ಣದ ಮಾತನ್ನು ಆ ಮನೆಯಲ್ಲಿ ಮತ್ತೊಮ್ಮೆ ಎತ್ತುವಂತಿಲ್ಲ. ಹಾಗಾಗಿ ನಾನು ನನ್ನ ಪುಟದ ನೆತ್ತಿಯ ಮೇಲೆ ಅವಳ ಸೀರೆಯ ಚಿತ್ರ, ಪುಣೆಯ ಅಂಗಡಿಯ ಹೆಸರು, ಅದರ ಲಿಂಕು ಎಲ್ಲವನ್ನೂ ಜೋಡಿಸಿ, "ಕಸ್ತೂರಿ, ಜಗತ್ತಿಗೆಲ್ಲ ನಿನ್ನ ಸೀರಿ ಬಾಗಲಾ ನಾನ ನೋಡು" ಎಂದು ಹೇಳಿದೆ. ಇಂಥ ಮಾತುಗಳನ್ನು ನಾನು ಆಡಿದ್ದು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ನೆನಪಿರುತ್ತದೆ.

ಹೀಗಿರುವಾಗ, ಮಹಾನವಮಿ ಅಮಾವಾಸ್ಯೆ ಹತ್ತಿರ ಬಂದ ಒಂದು ಬೆಳಿಗ್ಗೆ ನಾನು ಎಂದಿನಂತೆ ಡ್ಯಾಶ್‌ಬೋರ್ಡು ತೆರೆದರೆ, ಅದು ಅಲ್ಲಿರಲಿಲ್ಲ! ಅದರ ಜಾಗದಲ್ಲಿ ಇನ್ನೊಂದು ಲೋಕವಿತ್ತು. ನೀಲಿಯ ಹಿನ್ನೆಲೆ, ಮೂಲೆಗಳೆಲ್ಲ ದುಂಡು. ನಿನ್ನೆಯವರೆಗೆ ಅಂಕಿಗಳಾಗಿ ಬಿದ್ದುಕೊಂಡಿದ್ದವು ಇಂದು ಎದ್ದು ನಿಂತು ಕಂಬಗಳಾಗಿದ್ದವು, ಗೆರೆಯಾಗಿ ಏರಿ ಇಳಿಯುತ್ತಿದ್ದವು, ಒಂದು ಕಡೆ ಹೋಳಿಗೆಯನ್ನು ಕತ್ತರಿಸಿಟ್ಟಂತೆ ವೃತ್ತದ ತುಂಡುಗಳಾಗಿದ್ದವು. ಮೌಸಿನ ಬಾಣ ತಂದು ಕಂಬದ ಮೇಲಿಟ್ಟರೆ ಅದು ಬೆಚ್ಚಗಾಗಿ ಕಿತ್ತಳೆ ಬಣ್ಣ ತಾಳಿ, ಕಿವಿಯಲ್ಲಿ ಹೇಳುವಂತೆ ಒಂದು ಚಿಕ್ಕ ಗುಳ್ಳೆಯಲ್ಲಿ ತನ್ನ ಅಂಕಿ ಹೇಳುತ್ತಿತ್ತು. ಎಲ್ಲವೂ ಸ್ಥಳಾಂತರ! ಲೆಕ್ಕ ಎಡಕ್ಕೆ, ಅಂಗಡಿಗಳು ಮೇಲಕ್ಕೆ, ನನ್ನ ಹೆಸರು ಬಲ ಮೂಲೆಗೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರೋ ನನ್ನಂಥವರೇ, ಕಾಣದ ಊರಿನಲ್ಲಿ ಕೂತು, ಸಾಮಾನೆಲ್ಲ ಸರಿಸಿಬಿಟ್ಟಿದ್ದಾರೆ!

"ರೀ, ಬರ್ರಿ ಇಲ್ಲೆ! ಲಗೂ ಬರ್ರಿ!"

ನಮ್ಮವರು ಅರ್ಧ ಗಡ್ಡದ ಸಾಬೂನಿನೊಂದಿಗೆ ಓಡಿ ಬಂದರು. ಮನೆಗೆ ಹಾವು ಹೊಕ್ಕಿರಬೇಕೆಂದು ಕೈಯಲ್ಲಿ ಪೊರಕೆ ಬೇರೆ. ಪರದೆಯನ್ನು ಒಂದು ಗಳಿಗೆ ನೋಡಿ, "ಕಂಬ ಏನೋ ಛಂದ ಅದಾವು. ಕೆಳಗ ಯಾವ ಕಂಬ ಏನಂತ ಹೆಸರ ಬರದಿಲ್ಲಲ್ಲ. ಪರೀಕ್ಷಾದಾಗ ನಾ ಇದಕ್ಕ ಅರ್ಧಾ ಮಾರ್ಕ್ಸ್ ಕಳೀತೇನಿ" ಎಂದು ಉಳಿದರ್ಧ ಗಡ್ಡಕ್ಕೆ ಮರಳಿದರು. ಅತ್ತೆಯವರು ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಸೆರಗಿನ್ಯಾಗ ಸಾಲಾಗಿ ಗೋಪುರ ನೇಯ್ತಾರಲ್ಲ, ಆ ತೋಪು ಇದ್ದಂಗ ಐತಿ. ಆದ್ರ ನೇದಾಂವ ಶೆರೆ ಕುಡದು ನೇದಾನ, ಒಂದ್ ಎತ್ತರ ಒಂದ್ ಗಿಡ್ಡ" ಎಂದರು. ಇಬ್ಬರ ಟೀಕೆಯೂ ನನ್ನ ಉತ್ಸಾಹಕ್ಕೆ ತಾಗಲಿಲ್ಲ. ಅನ್ನ ಸೀಯುವವರೆಗೆ ಆ ಪರದೆಯಲ್ಲಿ ತಿರುಗಾಡಿದೆ. ನವನಗರಕ್ಕೆ ಬಂದ ಹೊಸದರಲ್ಲಿ ಯಾವ ಸೆಕ್ಟರಿನಲ್ಲಿ ಹಿಟ್ಟಿನ ಗಿರಣಿ, ಯಾವುದರಲ್ಲಿ ಅಂಚೆ ಎಂದು ಸುಮ್ಮನೆ ಸುತ್ತುತ್ತಿದ್ದೆನಲ್ಲ, ಹಾಗೆ.

ಆ ಸುತ್ತಾಟದಲ್ಲಿ ಕಂಡುಹಿಡಿದ ಒಂದು ಸಂಗತಿ: ಹಳೆಯ ಚೌಕಗಳು ಹೋಗಿದ್ದವು. ಅವುಗಳ ಬದಲು ಪ್ರತಿ ಅಂಗಡಿಯ ಹೆಸರಿನ ಮುಂದೆ ಪುಟಾಣಿ ಕಾಳಿನಷ್ಟು ದಪ್ಪದ, ಹಸಿರು ಬಣ್ಣದ ದುಂಡು ಗುಂಡಿ.

ಅಮಾವಾಸ್ಯೆ ಬಂತು. ಮಿಂದು, ವಿಭೂತಿಯ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ಕೂತೆ. ಹೊಸ ಡ್ಯಾಶ್‌ಬೋರ್ಡಿಗೆ ಇದು ಮೊದಲ ಅಮಾವಾಸ್ಯೆ. ಹೊಸ ಎತ್ತಿಗೆ ಮೊದಲ ಸಲ ಗೊಂಡೆ ಕಟ್ಟುವ ಸಂಭ್ರಮ ನನಗೆ. ಮೊದಲ ಅಂಗಡಿಯ ಹಸಿರು ಗುಂಡಿ ಒತ್ತಿದೆ. ಒಂದು ಸಣ್ಣ ಪೆಟ್ಟಿಗೆ ಮೇಲೆದ್ದು ಇಂಗ್ಲಿಷಿನಲ್ಲಿ ಏನೋ ನಾಲ್ಕೈದು ಸಾಲು ಹೇಳಿ, ಖಂಡಿತವೇ ಎಂದು ಕೇಳಿತು. ಖಂಡಿತ ಎಂದೆ. ಪೆಟ್ಟಿಗೆ ನೀರಿನಲ್ಲಿ ಕರಗುವ ಬೆಲ್ಲದಂತೆ ಮಾಯವಾಯಿತು, ಗುಂಡಿ ಬೂದು ಬಣ್ಣಕ್ಕೆ ತಿರುಗಿತು. ಎಷ್ಟು ಸೊಗಸೆಂದರೆ ಎರಡನೆಯದನ್ನು ಒತ್ತಿದೆ, ಮೂರನೆಯದನ್ನು ಒತ್ತಿದೆ. ಪುಣೆಯ ಅಂಗಡಿಯನ್ನೂ ಒತ್ತಿದೆ. ಪೆಟ್ಟಿಗೆ ಕೇಳಿದ ಪ್ರತಿ ಸಲವೂ ಖಂಡಿತ, ಖಂಡಿತ ಎಂದೆ. ನಾಲ್ಕೈದು ಸಾಲು ಓದುತ್ತ ಕೂತರೆ ಮುಂದಿನ ಗುಂಡಿಗೆ ತಡವಾಗುತ್ತಿತ್ತು.

ಪಾಡ್ಯದ ಬೆಳಿಗ್ಗೆ ಬೂದು ಗುಂಡಿಗಳನ್ನು ಒತ್ತಿದರೆ ಒಂದೂ ಹಸಿರಾಗಲಿಲ್ಲ. ಅದೇ ಪೆಟ್ಟಿಗೆ ಮತ್ತೆ ಮೇಲೆದ್ದಿತು, ಆಗ ಆ ಸಾಲುಗಳನ್ನು ಓದಿದೆ. ಹಳೆಯ ಚೌಕ ಲಿಂಕನ್ನು ಮಲಗಿಸುತ್ತಿತ್ತು; ಹೊಸ ಗುಂಡಿ ಅಂಗಡಿಯ ಜೊತೆಗಿನ ಸಂಬಂಧವನ್ನೇ ಕಡಿಯುತ್ತಿತ್ತು. ಮತ್ತೆ ಕೂಡಬೇಕೆಂದರೆ ಹೊಸದಾಗಿ ಅರ್ಜಿ ಹಾಕಬೇಕು, ಬಿಟ್ಟುಹೋದ ಕಾರಣ ಬರೆಯಬೇಕು, ಅಂಗಡಿಯವರು ಒಪ್ಪಬೇಕು. ಹಬ್ಬದ ಗದ್ದಲವಾದ್ದರಿಂದ ಉತ್ತರ ತಡವಾಗಬಹುದು ಎಂದು ಕೆಳಗೆ ಒಂದು ನಗುಮುಖ ಬೇರೆ. ನನ್ನ ಪುಟದ ನೆತ್ತಿಯಲ್ಲಿ ಕಸ್ತೂರಿಯ ಸೀರೆಯ ಚಿತ್ರ ಹಾಗೇ ಇತ್ತು, ಅಂಗಡಿಯ ಹೆಸರೂ ಇತ್ತು. ಒತ್ತಿದರೆ ಮಾತ್ರ ಖಾಲಿ ಹಾಳೆ. ಜಗತ್ತಿನ ಬಾಗಿಲಿಗೆ ನಾನೇ ಕೀಲಿ ಜಡಿದಿದ್ದೆ.

ಕಸ್ತೂರಿಗೆ ಫೋನಿನಲ್ಲಿ ಹೇಗೆ ಹೇಳಿದೆನೋ ನೆನಪಿಲ್ಲ. ಬಹಳ ಸೂಕ್ಷ್ಮವಾಗಿ, ಹಂತಹಂತವಾಗಿ ಹೇಳಿದೆನೆಂದು ನನ್ನ ನೆನಪು. "ಕಸ್ತೂರಿ, ಎಲ್ಲಾ ಹಾಳಾತು!" ಎಂದು ಶುರುಮಾಡಿದೆನೆಂದು ಅವಳ ನೆನಪು. ಅವಳು ಮಾರನೆಯ ದಿನವೇ ಇಳಕಲ್ಲಿನಿಂದ ಬಸ್ಸು ಹತ್ತಿ, ಹುನಗುಂದದಲ್ಲಿ ಒಂದು ತಾಸು ಕಾದು ಕಾದು, ಮುಖ ಕೆಂಪಗೆ ಮಾಡಿಕೊಂಡು ಬಂದು ಪಡಸಾಲೆಯಲ್ಲಿ ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಯವ್ವಾ, ನಿನಗ ಅಮಾಸಿ ಪಾಳಸಾಕ ಬ್ಯಾರೆ ಏನೂ ಸಿಗಲಿಲ್ಲೇನ ಬೇ?" ಎಂದು ಮೊದಲು ತಾಯಿಯ ಮೇಲೆ ಹೋದಳು.

"ನಾ ಮಲಗಸು ಅಂದಿದ್ದೆ. ಮಣ್ಣ ಮಾಡು ಅಂದಿದ್ದಿಲ್ಲ" ಎಂದು ಅತ್ತೆಯವರು ನನ್ನತ್ತ ನೋಡಿದರು.

"ವೈನಿ, ಹೆಂಗರ ಮಾಡಿ ಹೊಳ್ಳಿ ಕೂಡಸ್ರಿ. ಆ ಸೀರಿ ಹೊಳ್ಳಿ ಬಂದ್ರ ನಮ್ಮ ಮಾವ ಅದನ್ನ ಬಾಗಲಕ್ಕ ಪರದಾ ಕಟ್ಟಿ ಬಂದಾವ್ರಿಗೆಲ್ಲಾ ತೋರಸ್ತಾನ. ನಾ ಆ ಮನ್ಯಾಗ ಇರಬೇಕಲ್ರಿ."

ಅರ್ಜಿಯಲ್ಲಿ ಕಾರಣದ ಪ್ರಶ್ನೆ ಬಂತು. ಕಮಿಷನ್ ಸಾಲದೆಂದು ಬಿಟ್ಟಿರಾ, ಸರಕು ಚೆನ್ನಾಗಿಲ್ಲವೆಂದು ಬಿಟ್ಟಿರಾ, ಪುಟ ಮುಚ್ಚಿದ್ದೀರಾ ಎಂದು ಕೇಳಿ, ಇವು ಯಾವುವೂ ಅಲ್ಲವಾದರೆ ನೀವೇ ಬರೆಯಿರಿ ಎಂದು ಒಂದು ಖಾಲಿ ಜಾಗ. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಮಹಾಚರ್ಚೆ. ಕಂಪ್ಯೂಟರ್ ಕೆಟ್ಟಿತ್ತು ಎಂದು ಬರೆಯೋಣವೆಂದೆ. "ಸುಳ್ಳು ಬರೀಬ್ಯಾಡ, ಅದಕ್ಕ ವಿಭೂತಿ ಹಚ್ಚೀವಿ" ಎಂದರು ಅತ್ತೆಯವರು. ಅಮಾವಾಸ್ಯೆ ಎಂದೇ ಬರೆದೆ. ಚಂದ್ರನಿಲ್ಲದ ಕಾರಣ ನಿಮ್ಮನ್ನು ಬಿಟ್ಟೆ ಎಂಬರ್ಥ ಬಂತು. "ಅವ್ರು ನಿಮಗ ಹುಚ್ಚ ಅಂತಾರ ವೈನಿ" ಎಂದಳು ಕಸ್ತೂರಿ. ಮಗ್ಗದ ಬಿಡುವು ಎಂದು ಬರೆದೆ. "ಮಗ್ಗ ಎಲ್ಲೈತಿ ಅಂತ ಕೇಳಿದ್ರ?" "ನಿಂದೈತಲ್ಲ!" ಎಂದೆ. "ನಂದು ಇಳಕಲ್ಲಾಗ ಐತ್ರಿ, ಕಂಪನಿ ಜೋಡಿ ನಂಟು ನಿಮ್ಮದು!" ಮೂವರೂ ಒಟ್ಟಿಗೆ ಮಾತಾಡುತ್ತಿದ್ದೆವು. ನಮ್ಮವರು ಬಾಗಿಲಿಗೆ ಒರಗಿ ನಿಂತು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಮುಚ್ಚಿ, ಟ್ಯೂಷನ್ನಿಗೆ ಹೋದರು. ಕೊನೆಗೆ ಕಸ್ತೂರಿ ಹೇಳಿದಂತೆ ಬರೆದೆ: ನಮ್ಮಲ್ಲಿ ದುಡಿಯುವ ವಸ್ತುಗಳಿಗೆ ತಿಂಗಳಿಗೊಂದು ದಿನ ರಜೆ ಕೊಡುತ್ತೇವೆ, ನಿಮ್ಮ ಹೊಸ ಡ್ಯಾಶ್‌ಬೋರ್ಡು ಬಹಳ ಚೆನ್ನಾಗಿದೆ, ಆದರೆ ಅದಕ್ಕೆ ರಜೆ ತೆಗೆದುಕೊಳ್ಳಲು ಬರುವುದಿಲ್ಲ. 'ಬಹಳ ಚೆನ್ನಾಗಿದೆ' ನಾನು ಸೇರಿಸಿದ್ದು. ಅವಳು ಬೇಡವೆಂದಿದ್ದಳು.

ಅರ್ಜಿ ಹೋಯಿತು. ನವರಾತ್ರಿ ಬಂತು, ಬನ್ನಿ ಹಂಚಿದ್ದಾಯಿತು. ದಿನಾ ಬೆಳಿಗ್ಗೆ ತೆರೆದು ನೋಡುತ್ತೇನೆ, ಗುಂಡಿ ಬೂದು. ಪರಿಶೀಲನೆಯಲ್ಲಿದೆ ಎಂದು ಒಂದು ಚಿಕ್ಕ ಚಕ್ರ ತಿರುಗುತ್ತಿದೆ. ಆ ಚಕ್ರವನ್ನೂ ನಾನು ಮೆಚ್ಚುತ್ತಿದ್ದೆ ಎಂಬುದನ್ನು ಕಸ್ತೂರಿಗೆ ಹೇಳಲಿಲ್ಲ. ಅವಳು ಸಂಜೆ ಸಂಜೆ ಫೋನು ಮಾಡಿ, "ವೈನಿ, ಹಸರಾತೇನ್ರಿ?" ಎನ್ನುತ್ತಿದ್ದಳು. ಇಲ್ಲವೆಂದರೆ ಫೋನು ಇಡುತ್ತಿದ್ದಳು. ಬೈದಿದ್ದರೆ ಬರೆಯುವುದಕ್ಕೆ ಚೆನ್ನಾಗಿರುತ್ತಿತ್ತು, ಅವಳು ಬೈಯಲಿಲ್ಲ.

ದೀಪಾವಳಿಗೆ ಮನೆ ಸಾರಿಸುತ್ತಿದ್ದಾಗ ಗುಂಡಿ ಹಸಿರಾಯಿತು! ಮರಳಿ ಸ್ವಾಗತ ಎಂದು ಪರದೆಯ ತುಂಬ ಬಣ್ಣದ ಚೂರುಗಳು ಉದುರಿದವು. ಕೈ ಒರೆಸಿಕೊಳ್ಳದೆ ನನ್ನ ಪುಟಕ್ಕೆ ಓಡಿ, ಕಸ್ತೂರಿಯ ಸೀರೆಯ ಚಿತ್ರ ಒತ್ತಿದೆ. ಅಂಗಡಿ ತೆರೆಯಿತು. ಚಿತ್ರದ ಕೆಳಗೆ, ಸರಕು ಮುಗಿದಿದೆ ಎಂದಿತ್ತು. ನನಗೆ ಅರ್ಥವಾಗುವುದರೊಳಗೆ ಫೋನು ಹೊಡೆದುಕೊಂಡಿತು.

"ವೈನಿ! ಎಲ್ಲಾ ಹೋದುವಂತ್ರಿ! ಒಂದೂ ಉಳದಿಲ್ಲಂತ! ಹೊಳ್ಳಿ ನೇದು ಕೊಡು, ಇದ ಬಣ್ಣಾನ ಬೇಕು ಅಂದ್ರು. ನಮ್ಮ ಮಾವ ಬೂದ ನೂಲು ಎಲ್ಲಿ ಸಿಗತೈತಿ ಅಂತ ಕೇಳಾಕ ತಾನ ಪ್ಯಾಟಿಗೆ ಹೋಗ್ಯಾನ್ರಿ!"

ನಾವಿಬ್ಬರೂ ಫೋನಿನಲ್ಲಿ ಕಿರುಚಿದ್ದು ಸೆಕ್ಟರಿನ ಆ ತುದಿಗೆ ಕೇಳಿತಂತೆ. ಆಮೇಲೆ ಉಸಿರು ಬಂದ ಮೇಲೆ, ಇದರಲ್ಲಿ ನನ್ನ ಪಾಲು ಎಷ್ಟೆಂದು ಡ್ಯಾಶ್‌ಬೋರ್ಡಿನಲ್ಲಿ ನೋಡಿದೆ. ಪುಣೆಯ ಅಂಗಡಿಗೆ ನನ್ನ ಪುಟದಿಂದ ಬಂದವರು: ಸುಂದರವಾದ ನೀಲಿ ಬಳೆಯೊಳಗೆ, ದಪ್ಪ ಅಕ್ಷರದಲ್ಲಿ, ಸೊನ್ನೆ. ನಮ್ಮವರು ಹಿಂದೆ ಬಂದು ನಿಂತು ನೋಡಿದರು.

"ಸೊನ್ನಿ ಅಂದ್ರ ಯಾರೂ ಬಂದಿಲ್ಲ ಅಂತಲ್ಲ. ಎಣಿಸಿಲ್ಲ ಅಂತ. ನಿನ್ನ ಪುಟದಾಗ ಅಂಗಡಿ ಹೆಸರು ಇತ್ತಲ್ಲ, ಓದಿದಾವ್ರು ತಾವ ಹುಡಿಕ್ಕೊಂಡು ಹೋಗಿರತಾರ. ನೀ ಸೀದಾ ಅಂಗಡಿ ವಿಳಾಸ ಬರದಿದ್ರ ಅವರಿಗೂ ಹಗುರ ಆಗತಿತ್ತು. ಕಮಿಷನ್ ಬರತಿದ್ದಿಲ್ಲ ಅಷ್ಟ."

ನಾನು ಅವರನ್ನೇ ನೋಡಿದೆ. "ಇದನ್ನ ಅವತ್ತ ಯಾಕ ಹೇಳಲಿಲ್ರಿ?"

"ಮೂರೂ ಮಂದಿ ಅಮಾಸಿ ಮ್ಯಾಲ ಮಾತಾಡಾಕತ್ತಿದ್ರಿ. ನನಗ ಸಂದಿ ಎಲ್ಲಿತ್ತು?"

ಓದಿದವರು ತಾವೇ ಹುಡುಕಿಕೊಂಡು ಹೋದರು ಎಂಬ ಕಥೆ ನನಗೆ ಇಷ್ಟ. ಮಸ್ಕತ್ತಿನ ಹೆಣ್ಣುಮಗಳು ಮುಂದೆ, ಉಳಿದವರು ಹಿಂದೆ, ಸಾಲಾಗಿ ಅಂಗಡಿಗೆ ನಡೆಯುವುದು ನನ್ನ ಕಣ್ಣಿಗೆ ಕಟ್ಟುತ್ತದೆ. ಇಷ್ಟು ಚೆನ್ನಾಗಿ ಕಟ್ಟುತ್ತದೆಂಬ ಕಾರಣಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಬೂದು ಸೀರೆಯನ್ನು ಕಂಡವರು ಕಂಡಕಂಡ ದಾರಿಯಿಂದ ಬಂದು ಕೊಂಡಿರಬಹುದು. ನಾನೊಬ್ಬಳು ಬಾಗಿಲೆಂದು ನಿಂತದ್ದು ಬಯಲಿನಲ್ಲೇ ಇರಬಹುದು. ಇಳಕಲ್ಲಿನ ಕಸ್ತೂರಿಯ ಮನೆಯವರಿಗೆ ಇಂಥ ಸಂಶಯಗಳಿಲ್ಲ. ಅವರು ಕಾರಣವನ್ನು ಆಗಲೇ ಕಂಡುಹಿಡಿದಿದ್ದರು. ಎರಡನೆಯ ಕಂತಿನ ಸೀರೆಗಳು ಪುಣೆಗೆ ಹೊರಟ ದಿನ ಕಸ್ತೂರಿ ಫೋನು ಮಾಡಿದಳು. ಪಕ್ಕದಲ್ಲಿ ಅವಳ ಮಾವ ಕೆಮ್ಮುತ್ತ ಹೇಳಿಕೊಡುವುದು ನನಗೆ ಕೇಳುತ್ತಿತ್ತು.

"ವೈನಿ, ಸಿಟ್ಟಿಗೇಳಬಾರದು. ನಿಮ್ಮಿಂದ ಒಂದ್ ಉಪಕಾರ ಆಗಬೇಕಿತ್ರಿ. ಸೀರಿ ಮಾರಿ ಮುಗಿಯೂ ತನಕ ನಿಮ್ಮ ಆ ಲಿಂಕ ಒಂದೀಟು ಬಂದ್ ಇಡ್ತೀರೇನ್ರಿ?"

ಹೊಸತನ್ನು ಯಾರಾದರೂ ಪ್ರಯೋಗ ಮಾಡಿ ನೋಡಲಿ ಎಂದು ಇಡೀ ಜನ್ಮ ವಾದಿಸಿದವಳು ಏನೆಂದು ಉತ್ತರಿಸಬೇಕು? ಆಗಲಿ ಎಂದೆ. ಎರಡನೆಯ ಕಂತೂ ಪೂರ್ತಿ ಹೋಯಿತು. ಅಂದಿನಿಂದ ಇಳಕಲ್ಲಿನ ಆ ಓಣಿಯಲ್ಲಿ ನನಗೆ ಬಹಳ ಗೌರವ. ಸೀರೆ ಹೊರಡುವ ಹಿಂದಿನ ದಿನ ಮರೆಯದೆ ಫೋನು ಮಾಡುತ್ತಾರೆ, ಊಟವಾಯಿತೇ ಎಂದು ವಿಚಾರಿಸುತ್ತಾರೆ, ಬಹುವಚನದಲ್ಲಿ ಮಾತಾಡಿಸುತ್ತಾರೆ, ಮತ್ತು ದಯವಿಟ್ಟು ನಾನು ಏನೂ ಮಾಡಬಾರದೆಂದು ಕೇಳಿಕೊಳ್ಳುತ್ತಾರೆ.